ಅಣ್ಣೆ ಸೊಪ್ಪಿನ ಜಾಗ

ಅಣ್ಣೆ ಸೊಪ್ಪನ್ನು ನೀವು ಕಂಡೇ ಇರುತ್ತೀರಿ, ಹೆಸರು ಕೇಳಿರಲಿಕ್ಕಿಲ್ಲ. ಮಳೆ ಬಿದ್ದದ್ದೇ ತಡ, ಯಾರೂ ಬಿತ್ತದೆ ರಾಗಿ ಹೊಲದಲ್ಲಿ ಎದ್ದು, ಕ್ರಮೇಣ ತಿಳಿಗುಲಾಬಿ ತೆನೆಹೂ ಮುಡಿದು ಮೆರೆಯುವ ಗಿಡ ಅದು. ಹೂ ಮುಡಿಯುವ ಮೊದಲೇ ಕುಡಿ ಚಿವುಟಬೇಕು, ಇಲ್ಲದಿದ್ದರೆ ಎಲೆ ಬಲಿತು ರುಚಿಗೆಡುತ್ತದೆ. ತೊಗರಿಬೇಳೆಯೊಡನೆ ಬೇಯಿಸಿ ಬಸಿದು, ಸೊಪ್ಪನ್ನು ಪಲ್ಯಕ್ಕೂ ಬಸಿದ ನೀರನ್ನು ಸಾರಿಗೂ ಬಳಸುವ ನಮ್ಮ ಬಸ್ಸಾರಿನಲ್ಲಿ ಒಂದು ಹನಿಯೂ ಪೋಲಾಗದು. ಆ ಜಾಣತನದ ಬಗ್ಗೆ ನನಗೆ ಬಲು ಜಂಬವಿತ್ತು, ಮೊನ್ನೆಯವರೆಗೆ.

ಸೊಪ್ಪು ತರುವವಳು ನನ್ನಮ್ಮ. ಎಲ್ಲಿಂದ ತಂದೆ ಎಂದು ಅವಳನ್ನು ಕೇಳಕೂಡದು. ಜಾಗದ ಬಗ್ಗೆ ಬಾಯಿಬಿಟ್ಟರೆ ಮರುವರ್ಷ ಅಲ್ಲಿ ಚಿಗುರುವುದಿಲ್ಲವೆಂಬುದು ನಮ್ಮ ಮನೆ ಹೆಂಗಸರ ನಂಬಿಕೆ. ತುಂಬು ಬಸುರಿಯಾದ ನನ್ನ ಮಗಳು ಚಿನ್ನದ ಗಣಿಯೂರು ಉರಿಗಾಂನ ನಮ್ಮ ಮನೆಗೆ ಬಂದು ಅಜ್ಜಿಯ ಬಸ್ಸಾರಿಗೆ ಆಸೆಪಟ್ಟಾಗಲೂ ನಾನು ಕೇಳಲಿಲ್ಲ. ಸಾರು ಕುದಿದು, ತಟ್ಟೆಗೆ ಮುದ್ದೆ ಬಿದ್ದ ಮೇಲೆ, ಸೊಪ್ಪು ತೊಳೆದ ನೀರನ್ನು ಚೆಲ್ಲಲು ಹೋದೆ. ಬೇಸಿನ್ನಿನ ತಳದಲ್ಲಿ ಹಿಟ್ಟಿನಷ್ಟು ನುಣುಪಾದ ಬೂದುಬಣ್ಣದ ಪುಡಿ. ನಮ್ಮೂರಲ್ಲಿ ಅದು ಒಂದೇ ಕಡೆ ಸಿಗುತ್ತದೆ: ಗಣಿಯವರು ಚಿನ್ನ ತೆಗೆದುಕೊಂಡು ಬಿಟ್ಟುಹೋದ ಸೈನೈಡ್ ದಿಬ್ಬದಲ್ಲಿ. ಆ ವಿಷದ ಪುಡಿಗೆ ಹೆದರಿ, ಗಾಳಿ ಬಂದರೆ ಕಿಟಕಿ ಮುಚ್ಚಿಕೊಳ್ಳುವ ಜನ ನಾವು.

ಮಗಳು ಮುದ್ದೆ ಮುರಿಯುತ್ತಿದ್ದಳು.

"ತಿನ್ಬೇಡ, ತಡಿ! ಅಮ್ಮಾ, ಎಲ್ಲಿ ಕಿತ್ತೆ?"

"ಅದ್ಯಾಕೆ ಕೇಳ್ತೀಯ? ಕೇಳ್ಬಾರ್ದು ಅಂತ ಗೊತ್ತಿಲ್ವಾ?"

"ದಿಬ್ಬದ ತಾವ ಕಿತ್ತಾ? ಹೇಳಮ್ಮಾ!"

ಅಮ್ಮ ಮಂಡಿ ನೀವಿಕೊಂಡಳು. ಮಗಳ ಕೈ ತಟ್ಟೆಯ ಮೇಲೆಯೇ ನಿಂತಿತ್ತು. ನಂಬಿಕೆ ಎಂಬುದು ಬಾಯನ್ನೂ ಕಟ್ಟುತ್ತದೆ, ಕಣ್ಣನ್ನೂ ಕಟ್ಟುತ್ತದೆ. ಕುಂಟುತ್ತಾ ಸೊಪ್ಪಿಗೆ ಹೋದ ಅಮ್ಮ ಇಷ್ಟು ಬೇಗ ಹೇಗೆ ಬಂದಳೆಂದು ಯೋಚಿಸದ ನನ್ನ ಮೇಲೆಯೇ ನನಗೆ ಸಿಟ್ಟು ಬಂತು.

"ಮಂಡಿ ನೋವು ಕಣಮ್ಮಿ," ಎಂದಳು ಅಮ್ಮ ಕೊನೆಗೆ. "ಬಸ್ ಇಳ್ದು ಅಷ್ಟು ದೂರ ನಡೆಯಾಕಾಗಲ್ಲ. ಮಗು ಆಸೆಪಟ್ಟೈತೆ, ಬರಿಗೈಲಿ ಎಂಗ್ ಬರ್ಲಿ? ದಿಬ್ಬದ ಬುಡದಾಗೆ ಎಳೇದಿತ್ತು, ಕಿತ್ಕಂಡ್ ಬಂದೆ."

ಮೊಮ್ಮಗಳ ಮುಂದಿನ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದಳು. ಪಾತ್ರೆಯ ಸಾರನ್ನೂ ಸುರಿದಳು. ಆಮೇಲೆ ನನ್ನ ಪಕ್ಕ ಕೂತು ತಗ್ಗಿದ ದನಿಯಲ್ಲಿ ಶುರುಮಾಡಿದಳು: ಕಾಮಸಮುದ್ರದ ಬಸ್ಸು, ಕೆರೆ ಕಟ್ಟೆ, ಕಟ್ಟೆಯ ಎಡಕ್ಕೆ ಬೀಳು ಬಿದ್ದ ಹೊಲ...

"ಸಾಕಮ್ಮಾ, ಹೇಳ್ಬೇಡ," ಎಂದೆ. ನನಗೆ ಅಳು ಬರುತ್ತಿತ್ತು. "ಕಾಲು ವಾಸಿಯಾದ್ಮೇಲೆ ನೀನೇ ತರೀವಂತೆ."

ಅವಳು ನಿಲ್ಲಿಸಲಿಲ್ಲ. ಕೊನೆಯ ಬದುವಿನವರೆಗೂ ಹೇಳಿ ಮುಗಿಸಿದಳು.

"ನಮ್ಮವ್ವಾನೂ ನಂಗೆ ಇಂಗೇ ಜಾಗ ಏಳಿದ್ಲು," ಎಂದಳು. "ಆಮೇಲೆ ಅವ್ಳು ಸೊಪ್ಪಿಗೆ ಓಗ್ಲಿಲ್ಲ."