ಬಾಳೂರಿನ ಮಳೆ ಮತ್ತು ವಿಳಾಸದ ಆಯಸ್ಸು

ನಮ್ಮ ಕಡೆಯ ಕಾಫಿ ಬೆಳೆಗಾರರು ಫೋನಿನಲ್ಲಿ ಕ್ಷೇಮ ವಿಚಾರಿಸುವ ಮೊದಲು ಮಳೆ ವಿಚಾರಿಸುತ್ತಾರೆ. ‘ನಿಮ್ಮಲ್ಲಿ ಎಷ್ಟು ಸೆಂಟ್ಸ್?’ ನೂರು ಸೆಂಟ್ಸ್ ಎಂದರೆ ಒಂದು ಇಂಚು. ಮಾರ್ಚಿನಲ್ಲಿ ಅಷ್ಟು ಬಿದ್ದರೆ ಕಾಫಿ ಹೂವಾಗುತ್ತದೆ, ಬೆಳೆಗಾರರ ಮುಖವೂ ಅರಳುತ್ತದೆ. ಈ ಚಪಲ ಕಂಡೇ ನಾನು ಮೂಡಿಗೆರೆಯ ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು, ಊರೂರಿನ ಮಳೆ ತೋರಿಸುವ ವೆಬ್‌ಸೈಟ್ ಮಾಡಿದ್ದು. ಇಂಟರ್ನೆಟ್ ಇನ್ನೂ ಟೆಲಿಫೋನ್ ತಂತಿಯಲ್ಲಿ ತೆವಳುತ್ತಿದ್ದ ಕಾಲ.

ಸೈಟಿನ ಹೆಸರು ಒತ್ತಿದರೆ ಅದು ಯಾವ ಸರ್ವರಿನಲ್ಲಿದೆ ಎಂಬ ವಿಳಾಸವನ್ನು ಡಿಎನ್‌ಎಸ್ ಎಂಬ ವ್ಯವಸ್ಥೆ ಹೇಳುತ್ತದೆ. ಕೇಳಿದವರು ಆ ವಿಳಾಸವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಎಂಬ ಆಯಸ್ಸನ್ನು ಮಾತ್ರ ನಾವೇ ಬರೆಯಬೇಕು. ಐದು ನಿಮಿಷ ಎಂದರೆ, ಜನ ಮುಗಿಬಿದ್ದ ದಿನ ಕೇಳಿದ್ದನ್ನೇ ಕೇಳಿ ಪ್ರಾಣ ತಿನ್ನುತ್ತಾರೆ. ಒಂದು ದಿನ ಎಂದರೆ ಹಾಯಾಗಿರಬಹುದು. ಆದರೆ ನಡುವೆ ಸರ್ವರ್ ಬದಲಾದರೆ ಹಳೇ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತಾರೆ. ಹುಟ್ಟಾ ಸೋಮಾರಿಯಾದ ನಾನು ಒಂದು ದಿನ ಎಂದು ಬರೆದೆ.

ಹೂಮಳೆ ಬಿದ್ದ ಬೆಳಿಗ್ಗೆ ಎಲ್ಲರೂ ಒಟ್ಟಿಗೇ ನುಗ್ಗಿ ಸರ್ವರ್ ಏದುಸಿರು ಬಿಡತೊಡಗಿತು. ಅವಸರದಲ್ಲಿ ಸೈಟನ್ನು ದೊಡ್ಡ ಸರ್ವರಿಗೆ ದಾಟಿಸಿದೆ. ಹಳೆಯದರಲ್ಲಿ ಹಿಂದಿನ ದಿನದ ಪುಟ ಹಾಗೇ ಉಳಿಯಿತು.

ಸ್ವಲ್ಪ ಹೊತ್ತಿಗೇ ಬಾಳೂರಿನ ಲಕ್ಷ್ಮಣಗೌಡರ ಫೋನು. ಹಳೇ ಜೀಪು ಮಾರುವ ವಿಷಯಕ್ಕೆ ಹೆಂಡತಿ ಶಾರದಕ್ಕನೊಡನೆ ಮಾತು ಬಿಟ್ಟು, ಚಿಕ್ಕಮಗಳೂರಿನ ಮಗಳ ಮನೆ ಸೇರಿದ್ದರು. ಮನೆಗೆ ಫೋನ್ ಮಾಡುವುದು ಮರ್ಯಾದೆಗೆ ಕಮ್ಮಿ ಎಂದು ತಮ್ಮದೇ ತೋಟದ ಮಳೆಯನ್ನು ಸೈಬರ್ ಕೆಫೆಯಲ್ಲಿ ನೋಡುತ್ತಿದ್ದರು. ಆ ಮಳೆಯನ್ನು ಅಳೆದು ದಿನಾ ನನಗೆ ಹೇಳುತ್ತಿದ್ದವರು ಶಾರದಕ್ಕನೇ.

“ಎಂಥ ಮಾರಾಯ, ಊರಿಗೆಲ್ಲ ಮಳೆ ಅಂತಾರೆ, ನಿನ್ನ ಪೇಜಲ್ಲಿ ಬಾಳೂರು ಸೊನ್ನೆ ಅಂತ ಇದೆಯಲ್ಲ. ಸ್ಪ್ರಿಂಕ್ಲರ್ ಹಾಕ್ಸದಾ, ಬೇಡ್ವಾ?”

ದನಿಯಲ್ಲಿ ಆತಂಕವಿತ್ತು. ಈಗ ನೀರು ಸಾಲದಿದ್ದರೆ ಹೂವು ಹೋಯಿತು, ಅದರ ಜೊತೆ ವರ್ಷದ ಬೆಳೆಯೂ.

“ಅದು ನಿನ್ನೆ ಪೇಜು ಗೌಡ್ರೆ. ನಾಳೆವರೆಗೂ ನಿಮಗೆ ಅದೇ ಬರ್ಬೋದು.”

“ಹಾಗಾದ್ರೆ ಇವತ್ತಿಂದು ಯಾರಿಗೆ ಗೊತ್ತು?”

ನನಗೇ ಗೊತ್ತಿತ್ತು. ಒಂದು ಇಂಚಿನ ಮೇಲೇ ಬಿದ್ದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, “ಶಾರದಕ್ಕನ್ನೇ ಕೇಳ್ಬೇಕು” ಎಂದೆ. ಆ ಕಡೆ ಫೋನು ಇಟ್ಟ ಸದ್ದು. ಹಿರಿಯರನ್ನು ಆಟವಾಡಿಸಿದೆನಲ್ಲ ಎಂದು ದಿನವಿಡೀ ಸಂಕಟಪಟ್ಟೆ. ಸಂಜೆ ಆಯಸ್ಸನ್ನು ಒಂದು ಗಂಟೆಗೆ ಇಳಿಸಿದೆ. ವಿಳಾಸಕ್ಕಾಗಲಿ ಮುನಿಸಿಗಾಗಲಿ ಅದಕ್ಕಿಂತ ಹೆಚ್ಚು ಕೊಡಬಾರದು ಎನಿಸಿತು.

ಮರುದಿನ ಶಾರದಕ್ಕ ಎಂದಿನಂತೆ ಫೋನ್ ಮಾಡಿದರು.

“ಬಾಳೂರು ಇವತ್ತು ಸೊನ್ನೆ, ಬರ್ಕೊ. ನಾನು ಅಳೆದಿದ್ದಲ್ಲ, ಇವ್ರೇ ಬೆಳಿಗ್ಗೆ ಎದ್ದು ನೋಡ್ಕೊಂಡು ಬಂದ್ರು.”