ಸಿದ್ದರಾಮಣ್ಣನ ಕಮೆಂಟು

ಅರಕೆರೆಯ ಹಿಟ್ಟಿನ ಮಿಲ್ಲಿನ ಸಿದ್ದರಾಮಣ್ಣನ ಹತ್ತಿರ ರಾಗಿ ಬೀಸಿಸಲು ಹೋದರೆ, ಯಾರದಾದರೂ ಬ್ಲಾಗು ಕೇಳದೆ ಬರುವ ಹಾಗಿಲ್ಲ. "ಯಾರೋ ಪುಣ್ಯಾತ್ಮ ಗೀಜಗನ ಗೂಡಿನ ಮ್ಯಾಲೆ ಏನ್ ಬರ್ದವ್ನೆ ಕೇಳ್ರಪ್ಪ!" ಎಂದು ಮಿಷನ್ನಿಗಿಂತ ಜೋರಾಗಿ ಓದುತ್ತಾನೆ. ಊರಿನ ವಾಟ್ಸಾಪ್ ಗುಂಪಿಗೆಲ್ಲ ಲಿಂಕು ಕಳಿಸುತ್ತಾನೆ. ತೆರೆದು ಓದದವರ ಹಿಟ್ಟನ್ನು ಬೇಕೆಂದೇ ತರಿಯಾಗಿ ಬೀಸುತ್ತಾನೆಂಬ ಗುಮಾನಿ ನಮಗೆಲ್ಲ ಇದೆ. ಹಿಟ್ಟು ಮೆತ್ತಿದ ಬೆರಳಲ್ಲೇ ಕಂಡ ಬ್ಲಾಗಿಗೆಲ್ಲ "ಬರೀತಾ ಇರಿ, ಓದಕ್ಕೆ ನಾವಿದ್ದೀವಿ" ಎಂದು ಕಮೆಂಟು ಹಾಕುತ್ತಾನೆ. ಹೋದ ವರ್ಷ ತೀರಿಕೊಂಡ ಹೆಂಡತಿ ಮಮತಳ ಅಡುಗೆ ಬ್ಲಾಗಿಗೂ ದಿನಾ ಹಾಕುತ್ತಾನೆ. ಅಲ್ಲಿ ಮಾತ್ರ ಅವನ ಕಮೆಂಟು ಒಂದೂ ಕಾಣುವುದಿಲ್ಲ. ಯಾಕಣ್ಣ ಎಂದೆ. "ಬ್ಲಾಗಿನೋರು ಒಪ್ಪಿದ್ ಮ್ಯಾಲೇ ಕಾಣೋದು ಕಣವ್ವ" ಎಂದು ಮಿಷನ್ನು ನಿಲ್ಲಿಸಿದ. "ಅವ್ಳಿನ್ನೂ ನೋಡಿಲ್ಲ."