ಕೆರೆಯಂಗಳದಲ್ಲಿ ಹೆಗಲು ಕೊಟ್ಟವರು

ನಮ್ಮ ದೊಡ್ಡಪ್ಪ ಪುಟ್ಟಮಾದಯ್ಯನವರನ್ನು ದೂರದಿಂದಲೇ ಗುರುತಿಸಬಹುದಿತ್ತು. ಅವರ ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಇಪ್ಪತ್ತೈದು ವರ್ಷ ಕೆರಗೋಡಿನಿಂದ ಮಂಡ್ಯದ ಸಕ್ಕರೆ ಫ್ಯಾಕ್ಟರಿಗೆ ಕಬ್ಬಿನ ಗಾಡಿ ಹೊಡೆದವರು ಅವರು. ದಾರಿಯಲ್ಲಿ ನಾಲೆಯ ಏರಿ ಹತ್ತುವ ಕಡೆ ಬೇಸಿಗೆಯಲ್ಲೂ ಕೆಸರು. ಅಲ್ಲಿ ಯಾರ ಗಾಡಿ ಹೂತುಕೊಂಡರೂ ಹಿಂದೆ ಬರುವವರು ಇಳಿದು ಚಕ್ರಕ್ಕೆ ಹೆಗಲು ಕೊಡಬೇಕು. ಯಾರು, ಯಾವ ಊರು ಎಂದು ಕೇಳುವ ಪದ್ಧತಿಯಿಲ್ಲ. ಗಾಡಿ ಏರಿ ಹತ್ತಿದ ಮೇಲೆ ಕೆಸರು ಒರೆಸಿಕೊಂಡು ಅವರವರ ದಾರಿ ಅವರವರಿಗೆ.

ಸಿದ್ದರಾಜು ಅವರಿಗೆ ಸಿಕ್ಕಿದ್ದು ಆ ಏರಿಯ ಬುಡದಲ್ಲೇ. ಕೊತ್ತತ್ತಿಯವನು, ಮಂಡ್ಯದಲ್ಲಿ ಮೋಟಾರ್ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಒಂದು ಬೆಳಿಗ್ಗೆ ದೊಡ್ಡಪ್ಪನ ಗಾಡಿ ಅಚ್ಚಿನವರೆಗೆ ಹೂತಿದ್ದಾಗ, ತನ್ನ ಜಾವಾ ಮೋಟಾರ್ ಸೈಕಲ್ ನಿಲ್ಲಿಸಿ ಕೆಸರಿಗಿಳಿದ.

"ಬಿಳೀ ಪ್ಯಾಂಟು ಕಣಮ್ಮ, ಇಸ್ತ್ರಿ ಮಾಡಿದ್ದು! ಹಿಂದೆ ಮುಂದೆ ನೋಡ್ನಿಲ್ಲ ಅವ್ನು" ಎಂದು ದೊಡ್ಡಪ್ಪ ನನ್ನೆದುರು ಆರು ವರ್ಷ ಹೇಳಿದ್ದನ್ನೇ ಹೇಳಿದರು.

ಸಿದ್ದರಾಜು ಪಂದ್ಯಗಳಲ್ಲಿ ಮೋಟಾರ್ ಸೈಕಲ್ ಓಡಿಸುತ್ತಾನೆ ಎಂದು ತಿಳಿದ ಮೇಲೆ ದೊಡ್ಡಪ್ಪ ಒಂದು ಪಂದ್ಯವನ್ನೂ ಬಿಡಲಿಲ್ಲ. ದೊಡ್ಡಮ್ಮ ಮಲ್ಲಿಗಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕಟ್ಟಿಕೊಡುತ್ತಿದ್ದರು. ಒಂದು ಗಂಟು ಇವರಿಗೆ, ಇನ್ನೊಂದು ಸಿದ್ದರಾಜುವಿಗೆ. ಒಂದು ದಿನವೂ ಮೋಟಾರ್ ಸೈಕಲ್ ಹತ್ತದ ಮನುಷ್ಯ ಪಂದ್ಯದ ದಾರಿಗೆ ಕಟ್ಟಿದ ಹಗ್ಗದ ಪಕ್ಕ ನಿಂತು ಕೆಂಪು ಟವಲು ಬೀಸುತ್ತಿದ್ದರು. ಎಷ್ಟು ದೂಳಿದ್ದರೂ ಆ ಟವಲು ಕಾಣುತ್ತದೆ ಎಂದು ಸಿದ್ದರಾಜುವೇ ಹೇಳಿದ್ದನಂತೆ.

ಎಪ್ಪತ್ತೇಳರ ಬೇಸಿಗೆಯಲ್ಲಿ ಒಂದು ಕ್ಲಬ್ಬಿನವರು ಮೂರು ಊರಿನಲ್ಲಿ ಮೂರು ಪಂದ್ಯ ಇಟ್ಟರು. ಎರಡು ಪಂದ್ಯ ಗೆದ್ದವರಿಗೆ ಚಾಂಪಿಯನ್ ಕಪ್ಪು. ಮಂಡ್ಯದಲ್ಲಿ ಸಿದ್ದರಾಜು ಗೆದ್ದ. ಮದ್ದೂರಿನಲ್ಲಿ ಮೈಸೂರಿನ ಕಸ್ತೂರಿರಂಗ ಗೆದ್ದ. ಉಳಿದದ್ದು ಮಳವಳ್ಳಿ, ಊರಾಚೆಯ ಬತ್ತಿದ ಕೆರೆಯಂಗಳದಲ್ಲಿ.

ಕೆರೆಯ ನೆಲ ಮೇಲೆ ಒಡೆದು ಬಿರುಕು ಬಿಟ್ಟಿತ್ತು. ಒಳಗೆ ಇನ್ನೂ ಹಸಿ ಇತ್ತು. ಕೊನೆಯ ಸುತ್ತಿನಲ್ಲಿ ಮುಂದಿದ್ದ ಸಿದ್ದರಾಜು ತಿರುವಿನಲ್ಲಿ ಸ್ವಲ್ಪ ಅಂಚಿಗೆ ಹೋದ. ಹಿಂದಿನ ಚಕ್ರ ಕುಸಿಯಿತು. ಇಂಜಿನ್ನು ಅರಚುತ್ತಿತ್ತು, ಚಕ್ರ ನಿಂತಲ್ಲೇ ತಿರುಗುತ್ತಿತ್ತು. ಆಮೇಲಿನದನ್ನು ನೋಡಿದವರೆಲ್ಲ ಒಂದೇ ರೀತಿ ಹೇಳುತ್ತಾರೆ: ಕೆಂಪು ಟವಲೊಂದು ಹಗ್ಗ ಹಾರಿತು. ದೊಡ್ಡಪ್ಪ ಎತ್ತುಗಳಿಗೆ ಕೂಗುವ ಹಾಗೆ "ಹೋಯ್!" ಎಂದು ಕೂಗಿ ಬಲ ಹೆಗಲು ಕೊಟ್ಟರು. ಮೋಟಾರ್ ಸೈಕಲ್ ಅವರ ಮುಖದ ತುಂಬ ಕೆಸರು ಎರಚಿ ಎದ್ದುಹೋಯಿತು. ಹಿಂದೆಯೇ ಬಂದ ಕಸ್ತೂರಿರಂಗನಿಗಿಂತ ಒಂದು ಮಾರಿನಷ್ಟು ಮುಂದೆ ಸಿದ್ದರಾಜು ಗೆದ್ದ.

ಜನ ಅವನನ್ನು ಹೊತ್ತುಕೊಂಡಿದ್ದಾಗಲೇ ಮೈಕಿನಲ್ಲಿ ಕೇಳಿಸಿತು: "ಹೊರಗಿನವರ ನೆರವು ಪಡೆದಿದ್ದರಿಂದ ಸಿದ್ದರಾಜು ಅವರ ಗೆಲುವು ರದ್ದು. ಚಾಂಪಿಯನ್ ಮೈಸೂರಿನ ಕಸ್ತೂರಿರಂಗ."

ಎತ್ತಿದ್ದವರು ಅವನನ್ನು ಕೆಳಗಿಳಿಸಲೂ ಮರೆತು ನಿಂತರು. ಆಮೇಲೆ ಚಪ್ಪಲಿಗಳು ಹಾರಿದವು. ಯಾರೋ ಮೈಕಿನ ವೈರು ಕಿತ್ತರು. ವಾಪಸು ಬರುವ ಬಸ್ಸಿನಲ್ಲಿ, ಕೆರಗೋಡಿನ ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲು ಇಟ್ಟಿದ್ದ ಕೆಂಪಸಿದ್ದಯ್ಯನವರ ಗಂಟಲೇ ಎಲ್ಲರಿಗಿಂತ ದೊಡ್ಡದು.

"ಹೂತೋದೋನ್ನ ಎತ್ತುದ್ರೆ ತಪ್ಪು ಅಂತ ಯಾವ್ ಪುಸ್ತಕದಲ್ಲಿ ಬರ್ದೈತ್ಲಾ? ನಾಳೆ ಬಾವಿಗೆ ಬಿದ್ದೋನ್ನೂ ಅಲ್ಲೇ ಬುಡಿ ಅಂತಾರೆ! ಏ ಮಾದಣ್ಣ, ಮುಂದುಗಡೆ ಸೀಟಲ್ಲಿ ಕುತ್ಕಳೋ. ನೀನು ಮಾಡಿದ್ದು ಸರಿ ಕಣ್ಲಾ."

ದೊಡ್ಡಪ್ಪ ಮುಂದಿನ ಸೀಟಿನಲ್ಲಿ ಕೂತರು. ಕಿವಿಯ ಹಿಂದೆ ಕೆಸರು ಒಣಗಿತ್ತು. ಮನೆಗೆ ಬಂದು ನನ್ನನ್ನು ಕೇಳಿದ್ದು ಒಂದೇ ಮಾತು: "ನಾನು ಮುಟ್ಬಾರ್ದಾಗಿತ್ತಾ, ಮಗ?"

ಮಾರನೆಯ ದಿನ ಮಂಡ್ಯಕ್ಕೆ ಹೋದರು. ಸಿದ್ದರಾಜು ಎಣ್ಣೆ ಹತ್ತಿದ ಕೈಯಲ್ಲೇ ಅವರ ಕೈ ಹಿಡಿದನಂತೆ. "ಬುಡಣ್ಣ, ನೀನು ಬರದೇ ಹೋಗಿದ್ರೆ ಅಲ್ಲೇ ಹೂತಿರ್ತಿದ್ದೆ. ಕ್ಲಬ್ಗೆ ಅರ್ಜಿ ಹಾಕ್ತೀನಿ" ಎಂದನಂತೆ. ಆ ಎಣ್ಣೆಯ ಕಲೆ ದೊಡ್ಡಪ್ಪನ ಅಂಗಿಯ ತೋಳಿನ ಮೇಲಿತ್ತು. ತೊಳೆಯಬೇಡ ಎಂದು ದೊಡ್ಡಮ್ಮನಿಗೆ ಹೇಳಿದರು. "ಅದೇನು ನಿನ್ನ ಮದ್ವೆಗೆ ಹಚ್ಚಿದ ಅರಿಸಿಣವಾ?" ಎಂದು ದೊಡ್ಡಮ್ಮ ನಕ್ಕರು.

ಮೂರು ವಾರವಾಗಿತ್ತು. ನಾನು ಕಾಲೇಜಿನಿಂದ ಬಂದು ಬಸ್ಸಿಳಿದಾಗ ಹೋಟೆಲಿನ ಮುಂದೆ ಹತ್ತಿಪ್ಪತ್ತು ಜನ. ಕೆಂಪಸಿದ್ದಯ್ಯ ಪತ್ರಿಕೆ ಹಿಡಿದುಕೊಂಡಿದ್ದರು. "ಬಾ ಕಣಮ್ಮ, ನೀನೇ ಜೋರಾಗಿ ಓದು. ಇವ್ನಿಗೆ ನಾನು ಹೇಳುದ್ರೆ ನಂಬಿಕೆ ಇಲ್ಲ" ಎಂದರು. ದೊಡ್ಡಪ್ಪ ಬೆಂಚಿನ ತುದಿಯಲ್ಲಿ ಕೂತಿದ್ದರು.

ಸವಾರ ಕರೆಯದೆ ಬಂದ ನೆರವು ಅವನ ತಪ್ಪಲ್ಲ ಎಂದು ಕ್ಲಬ್ಬು ತನ್ನ ತೀರ್ಮಾನ ಬದಲಿಸಿತ್ತು. ಕಪ್ಪು ಸಿದ್ದರಾಜುವಿಗೆ. ಅಲ್ಲಿಯವರೆಗೆ ಓದುವಷ್ಟರಲ್ಲಿ ಶಿಳ್ಳೆ ಎದ್ದಿತು. ಯಾರೋ ಪಟಾಕಿ ತರಲು ಓಡಿದರು. ದೊಡ್ಡಪ್ಪ ಟವಲಿನಿಂದ ಕಣ್ಣೊರೆಸಿಕೊಂಡು "ಮುಂದಕ್ಕೆ ಓದು ಮಗ" ಎಂದರು. ಮುಂದೆ ಸಿದ್ದರಾಜು ಬರೆದುಕೊಟ್ಟ ಹೇಳಿಕೆ ಇತ್ತು. ಆ ಸಾಲನ್ನು ನಾನು ಬಿಟ್ಟು ಓದಬಹುದಾಗಿತ್ತು. ಕಣ್ಣಿಗೆ ಅರ್ಥವಾಗುವಷ್ಟರಲ್ಲಿ ಬಾಯಿ ಓದಿಬಿಟ್ಟಿತ್ತು.

"ನನ್ನ ವಾಹನವನ್ನು ತಳ್ಳಿದ ವ್ಯಕ್ತಿ ಯಾರೆಂದು ನನಗೆ ತಿಳಿಯದು. ನಾನು ಅವನನ್ನು ಕರೆದಿಲ್ಲ. ಅವನು ಕುಡಿದಿದ್ದಂತೆ ಕಂಡಿತು."

ದೊಡ್ಡಪ್ಪ ಮದುವೆ ಮನೆಯಲ್ಲೂ ಹೆಂಡ ಮುಟ್ಟದ ಮನುಷ್ಯ. ಅದು ಊರಿಗೆಲ್ಲ ಗೊತ್ತು. ಅದಕ್ಕೇ ಇರಬೇಕು, ಎಲ್ಲರೂ ಒಟ್ಟಿಗೆ ನಕ್ಕರು.

"ಹೋಗ್ಲಿ ಬುಡೋ ಮಾದಣ್ಣ" ಎಂದರು ಕೆಂಪಸಿದ್ದಯ್ಯ. "ಕಪ್ಪು ಬಂತಲ್ಲ! ಊರಿಗೋಸ್ಕರ ಒಂದಿನ ಕುಡ್ದಿದ್ದೆ ಅನ್ಕೋ."

ಬಸ್ಸಿನಲ್ಲಿ ಮುಂದಿನ ಸೀಟು ಕೊಟ್ಟವರೇ ಅವರು. ದೊಡ್ಡಪ್ಪ ಅರ್ಧ ಕುಡಿದ ಟೀ ಲೋಟವನ್ನು ಬೆಂಚಿನ ಮೇಲಿಟ್ಟು ಎದ್ದರು. ಹಿಂದೆ ಪಟಾಕಿ ಸಿಡಿಯುತ್ತಿತ್ತು. ದಾರಿಯುದ್ದಕ್ಕೂ ನಾನು ಅವರ ಪಕ್ಕದಲ್ಲಿ ನಡೆದೆ. ಅವರು ನನ್ನ ಕಡೆ ನೋಡಲಿಲ್ಲ.

ಮುಂದಿನ ಭಾನುವಾರ ಸಿದ್ದರಾಜು ಬಂದ. ಗದ್ದೆಯಲ್ಲಿ ದೊಡ್ಡಪ್ಪ ಕಬ್ಬಿನ ಸೋಗೆ ಸವರುತ್ತಿದ್ದರು, ನಾನು ಊಟ ತಂದಿದ್ದೆ. ಅವನು ಜಾವಾವನ್ನು ಗದ್ದೆಯ ಅಂಚಿನಲ್ಲಿ ನಿಲ್ಲಿಸಿ, ಕಪ್ಪನ್ನು ಟವಲಿನಲ್ಲಿ ಸುತ್ತಿ ಹಿಡಿದು ಬಂದ.

"ನನ್ ಕಡೆಯೋನು ಅಂದಿದ್ರೆ ಕೊಡ್ತಿರ್ಲಿಲ್ಲ ಕಣಣ್ಣ. ಗೊತ್ತಿಲ್ಲ ಅಂತ್ಲೇ ಬರೀಬೇಕಾಗಿತ್ತು."

ದೊಡ್ಡಪ್ಪ ಕುಡುಗೋಲು ಕೆಳಗಿಟ್ಟರು. "ಗೊತ್ತಿಲ್ಲ ಅಂತ ಬರ್ದೆ, ಸರಿ. ನನ್ನೇ ಕೇಳಿದ್ರೂ ಹಂಗೇ ಹೇಳ್ತಿದ್ದೆ. ಕುಡ್ದಿದ್ದ ಅಂತ ಯಾಕ್ಲಾ ಬರ್ದೆ?"

"ಕ್ಲಬ್ನೋರು... ಹಂಗಿದ್ರೆ ಗಟ್ಟಿಯಾಗ್ತದೆ ಅಂದ್ರು."

"ಬರೆದ ಕೈ ಯಾರ್ದು?"

ಸಿದ್ದರಾಜು ಕಪ್ಪನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ದೊಡ್ಡಪ್ಪ ಕುಡುಗೋಲು ಎತ್ತಿಕೊಂಡು ಮತ್ತೆ ಸೋಗೆಗೆ ಬಗ್ಗಿದರು.

ಅವನು ಹೊರಟ. ಗದ್ದೆಗೆ ನೀರು ಕಟ್ಟಿದ್ದ ದಿನ ಅದು, ಅಂಚು ನೆನೆದಿತ್ತು. ಹಿಂದಿನ ಚಕ್ರ ಕುಸಿಯಿತು. ಇಂಜಿನ್ನು ಅರಚಿತು, ನಿಂತಿತು, ಮತ್ತೆ ಅರಚಿತು. ಅವನು ಕರೆಯಲಿಲ್ಲ.

ದೊಡ್ಡಪ್ಪ ಟವಲನ್ನು ಸೊಂಟಕ್ಕೆ ಬಿಗಿದು ನಡೆದುಹೋದರು. ಬಲ ಹೆಗಲು ಕೊಟ್ಟರು. "ಹೋಯ್" ಎನ್ನಲಿಲ್ಲ. ಚಕ್ರ ಮೇಲೆ ಬಂದಾಗ ಸಿದ್ದರಾಜು ತಿರುಗಿ "ಅಣ್ಣ" ಎಂದ. ಅವರು ಆಗಲೇ ಬೆನ್ನು ತಿರುಗಿಸಿ ಕಾಲುವೆಯಲ್ಲಿ ಕೈ ತೊಳೆಯುತ್ತಿದ್ದರು.

ಸಂಜೆ ದೊಡ್ಡಮ್ಮ ಅಂಗಿಯ ಮೇಲಿನ ಕೆಸರು ನೋಡಿ, ಗದ್ದೆಗೆ ಯಾರು ಬಂದಿದ್ದರು ಎಂದು ಕೇಳಿದರು.

"ಯಾರ್ದೋ ಗಾಡಿ ಹೂತ್ಕೊಂಡಿತ್ತು, ತಳ್ದೆ" ಎಂದರು ದೊಡ್ಡಪ್ಪ. ಎಣ್ಣೆ ಕಲೆಯಿದ್ದ ಅಂಗಿಯನ್ನೂ ಗೂಟದಿಂದ ತೆಗೆದು ಒಗೆಯಲು ಹಾಕಿದರು.